ಪುಟ್ಟ ಉಗಿಬಂಡಿ: ಅಳತೆ ಮೊದಲು, ತಿದ್ದುಪಡಿ ಆಮೇಲೆ



ಇವತ್ತಿನ ಮಾತು ಒಂದು ರೈಲು ಇಂಜಿನ್ನಿನ ಬಗ್ಗೆ. ಇದರ ಉದ್ದ ಒಂದಡಿ. ಎತ್ತರ ಒಂದು ಗೇಣಿಗಿಂತ ಕಡಿಮೆ. ಇದು ಓಡುವ ಹಳಿಗಳ ನಡುವಿನ ಅಂತರ ಕೇವಲ 45 ಮಿಲಿಮೀಟರ್. ಇದರೊಳಗೆ ಬ್ಯಾಟರಿ ಇಲ್ಲ, ಮೋಟಾರೂ ಇಲ್ಲ. ಇರುವುದು ತಾಮ್ರದ ಒಂದು ಬಾಯ್ಲರ್, ಅದರ ಕೆಳಗೆ ಉರಿಯುವ ಸ್ಪಿರಿಟ್ ದೀಪ, ಮುಂದೆ ಎರಡು ಸಿಲಿಂಡರ್. ನೀರು ಕುದಿದು ಉಗಿಯಾಗಬೇಕು, ಉಗಿ ಪಿಸ್ಟನ್ನನ್ನು ತಳ್ಳಬೇಕು, ಆಗ ಗಾಲಿ ತಿರುಗಬೇಕು. ನಮ್ಮ ಹಿರಿಯರು ಹೊಗೆಬಂಡಿ ಎಂದು ಕರೆಯುತ್ತಿದ್ದರಲ್ಲ, ಅದರ ಪೂರ್ಣ ಪ್ರಾಣ ಈ ಒಂದಡಿಯೊಳಗಿದೆ.

ನಾನಿರುವುದು ಜರ್ಮನಿಯ ದಕ್ಷಿಣದಲ್ಲಿ, ಸ್ಟುಟ್‌ಗಾರ್ಟ್ ಹತ್ತಿರ. ಆ ಕಡೆ ಇಂಥ ಇಂಜಿನ್‌ಗಳು ಹಳೆಯ ಸಾಮಾನಿನ ಸಂತೆಯಲ್ಲಿ, ಹವ್ಯಾಸಿಗಳ ಕೂಟಗಳಲ್ಲಿ ಕೈಯಿಂದ ಕೈಗೆ ದಾಟುತ್ತಲೇ ಇರುತ್ತವೆ. ಹಾಗೆ ಕೈಗೆ ಬಂದ ಒಂದು ಇಂಜಿನ್ನನ್ನು ಮೇಜಿನ ಮೇಲೆ ಇಟ್ಟುಕೊಂಡಾಗ ಎರಡು ಪ್ರಶ್ನೆ ಏಳುತ್ತವೆ. ಇದು ಎಷ್ಟರಮಟ್ಟಿಗೆ ಒಳ್ಳೆಯ ಇಂಜಿನ್? ಇದನ್ನು ಇನ್ನೂ ಒಳ್ಳೆಯದು ಮಾಡುವುದು ಹೇಗೆ? ಎರಡನೆಯ ಪ್ರಶ್ನೆಗೆ ಕೈ ತುರಿಸುತ್ತದೆ, ಮೊದಲನೆಯದಕ್ಕೆ ತಾಳ್ಮೆ ಬೇಕು. ಅಳೆಯದೆ ತಿದ್ದಬಾರದು ಎಂಬುದೇ ನಾನು ಇಂದು ಹೇಳಬೇಕೆಂದಿರುವ ಮಾತು. ಈ ಪಾಠವನ್ನು ಕಲಿಯಲು ಜರ್ಮನಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಅಲ್ಲಿ ದೊಡ್ಡ ಉಗಿಬಂಡಿಯ ಶಾಸ್ತ್ರವೂ ಪುಟ್ಟ ಉಗಿಬಂಡಿಯ ಕಸುಬೂ ಜೊತೆಜೊತೆಯಾಗಿ ಬೆಳೆದಿವೆ.

ಜರ್ಮನಿಯ ಮೊದಲ ಉಗಿ ರೈಲು ಓಡಿದ್ದು 1835ರ ಡಿಸೆಂಬರ್ 7ರಂದು, ನ್ಯೂರೆಂಬರ್ಗ್‌ನಿಂದ ಫ್ಯೂರ್ತ್‌ಗೆ. ದಾರಿ ಆರು ಕಿಲೋಮೀಟರ್. ಇಂಜಿನ್ನಿನ ಹೆಸರು 'ಆಡ್ಲರ್', ಅಂದರೆ ಹದ್ದು. ಅದನ್ನು ಕಟ್ಟಿದ್ದು ಇಂಗ್ಲೆಂಡಿನ ಸ್ಟೀಫನ್‌ಸನ್ ಕಾರ್ಖಾನೆ, ಓಡಿಸಿದವನೂ ಇಂಗ್ಲೆಂಡಿನಿಂದ ಬಂದ ವಿಲಿಯಂ ವಿಲ್ಸನ್. ನ್ಯೂರೆಂಬರ್ಗ್ ಆ ಕಾಲಕ್ಕಾಗಲೇ ಆಟಿಕೆಗಳ ಊರು. ತಗಡಿನ ಕೆಲಸದಲ್ಲಿ ಪಳಗಿದ ಅಲ್ಲಿನ ಕುಶಲಿಗರು ಮುಂದೆ ಉಗಿಯಿಂದ ನಿಜವಾಗಿಯೇ ಓಡುವ ಆಟಿಕೆ ಇಂಜಿನ್‌ಗಳನ್ನು ಮಾಡಿದರು. ಬಿಂಗ್ ಸಹೋದರರ ಕಾರ್ಖಾನೆ, ಎರ್ನ್ಸ್ಟ್ ಪ್ಲಾಂಕ್ ಅವರ ಕಾರ್ಖಾನೆ ಇವೆಲ್ಲ ಅಲ್ಲಿಯವೇ. ಇಂಗ್ಲೆಂಡಿನಲ್ಲಿ ಹೆಸರಾದ ಬ್ಯಾಸೆಟ್-ಲೋಕ್ ಅಂಗಡಿಗೂ ಮೊದಮೊದಲು ಇಂಜಿನ್‌ಗಳು ಹೋಗುತ್ತಿದ್ದುದು ಬಿಂಗ್ ಕಾರ್ಖಾನೆಯಿಂದ.

ಸ್ಟುಟ್‌ಗಾರ್ಟ್‌ಗೆ ಹತ್ತಿರದಲ್ಲೇ ಗೋಪಿಂಗೆನ್ ಎಂಬ ಊರಿದೆ. ಅಲ್ಲಿ 1859ರಲ್ಲಿ ಮೆರ್ಕ್ಲಿನ್ ಎಂಬ ತಗಡಿನ ಕುಶಲಿಗರ ಮನೆತನ ಬೊಂಬೆಮನೆಯ ಪಾತ್ರೆಗಳನ್ನು ಮಾಡಲು ತೊಡಗಿತು. 1891ರ ಲೈಪ್‌ಜಿಗ್ ಮೇಳದಲ್ಲಿ ಆ ಮನೆತನದವರು ಒಂದು ದೊಡ್ಡ ಕೆಲಸ ಮಾಡಿದರು: ಆಟಿಕೆ ರೈಲಿನ ಹಳಿಗಳಿಗೆ ಗೊತ್ತಾದ ಅಳತೆಗಳನ್ನು ಕೊಟ್ಟು, ಅವುಗಳಿಗೆ ಅಂಕಿಗಳನ್ನು ಇಟ್ಟರು. ಅದಕ್ಕೂ ಮೊದಲು ಒಬ್ಬರ ಬಂಡಿ ಇನ್ನೊಬ್ಬರ ಹಳಿಯ ಮೇಲೆ ಓಡುವ ಭರವಸೆಯಿರಲಿಲ್ಲ. ಆ ಅಳತೆಗಳಲ್ಲಿ ಒಂದನೆಯ ನಂಬರಿನದೇ ಇಂದಿನ 45 ಮಿಲಿಮೀಟರ್ ಹಳಿ. ಅದನ್ನು 32ರಿಂದ ಗುಣಿಸಿದರೆ 1440 ಆಗುತ್ತದೆ. ಯುರೋಪಿನ ಬಹುಭಾಗದಲ್ಲಿ ನಿಜವಾದ ಹಳಿಗಳ ನಡುವಿನ ಅಂತರ 1435 ಮಿಲಿಮೀಟರ್. ಹೀಗಾಗಿ ಈ ಹಳಿಯ ಮೇಲೆ ಓಡುವ ಮಾದರಿಗಳನ್ನು ಸಾಮಾನ್ಯವಾಗಿ ನಿಜದ 32ರಲ್ಲಿ ಒಂದು ಪಾಲಿಗೆ ಮಾಡುತ್ತಾರೆ.

ಇಲ್ಲಿ ಒಂದು ಲೆಕ್ಕವನ್ನು ಗಮನವಿಟ್ಟು ಕೇಳಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಉದ್ದ 32ರಲ್ಲಿ ಒಂದು ಪಾಲಾದರೆ, ಮೇಲ್ಮೈ 1024ರಲ್ಲಿ ಒಂದು ಪಾಲಾಗುತ್ತದೆ. ಒಳಗಿನ ಗಾತ್ರ 32,768ರಲ್ಲಿ ಒಂದು ಪಾಲಾಗುತ್ತದೆ. ಜರ್ಮನಿಯ ಹೆಸರಾಂತ 01 ಮಾದರಿಯ ಎಕ್ಸ್‌ಪ್ರೆಸ್ ಇಂಜಿನ್ ಟೆಂಡರ್, ಅಂದರೆ ಕಲ್ಲಿದ್ದಲು, ನೀರು ಹೊರುವ ಹಿಂಬಂಡಿ, ಸೇರಿ ಸುಮಾರು 24 ಮೀಟರ್ ಉದ್ದ. ಅದರ ಮಾದರಿ 75 ಸೆಂಟಿಮೀಟರ್ ಆಗುತ್ತದೆ. ಟೆಂಡರ್ ಬಿಟ್ಟು ಇಂಜಿನ್ನಿನ ತೂಕ ಸುಮಾರು 109 ಟನ್. ಲೆಕ್ಕದಂತೆ ಕುಗ್ಗಿಸಿದರೆ ಉಳಿಯುವುದು 3.3 ಕಿಲೋ ಮಾತ್ರ. ಬಾಯ್ಲರಿನ ನೀರೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆದರೆ ಬಿಸಿಯನ್ನು ಹೊರಗೆ ಬಿಡುವ ಮೈ ಅಷ್ಟು ಇಳಿಯುವುದಿಲ್ಲ. ಅಂದರೆ ಪುಟ್ಟ ಬಾಯ್ಲರಿನಲ್ಲಿ ಪ್ರತಿ ಹನಿ ನೀರಿಗೂ ಬಿಸಿ ಕಳೆದುಕೊಳ್ಳುವ ಮೈ ದೊಡ್ಡದರ 32 ಪಟ್ಟು ಇರುತ್ತದೆ. ಸಿಲಿಂಡರಿನ ಕಥೆಯೂ ಅದೇ: ಉಗಿ ಒಳಗೆ ಬಂದು ಕೆಲಸ ಮಾಡುವ ಮೊದಲೇ ತಣ್ಣನೆಯ ಗೋಡೆಗೆ ತಾಗಿ ನೀರಾಗಿಬಿಡುತ್ತದೆ.

ಕುಗ್ಗದ ಸಂಗತಿಗಳೂ ಇವೆ. ಕುದಿಯುವ ನೀರಿನ ಗುಳ್ಳೆ ಕುಗ್ಗುವುದಿಲ್ಲ. ಬಾಯ್ಲರಿನ ಕೊಳವೆಗಳನ್ನು ನಿಜದಂತೆಯೇ ಕುಗ್ಗಿಸಿ ಒತ್ತೊತ್ತಾಗಿ ಜೋಡಿಸಿದರೆ ಅವುಗಳ ನಡುವೆ ಗುಳ್ಳೆಗಳೇ ನೀರಿಗೆ ಅಡ್ಡ ನಿಲ್ಲುತ್ತವೆ. ಜ್ವಾಲೆಯೂ ಅಷ್ಟೆ. ಅದು ಉರಿಯಲು ತನ್ನಷ್ಟೇ ಜಾಗ, ತನ್ನಷ್ಟೇ ಗಾಳಿ ಕೇಳುತ್ತದೆ. ಹಾಗಾಗಿ ಪುಟ್ಟ ಇಂಜಿನ್ನನ್ನು ದೊಡ್ಡದರ ನಕಲು ಎಂದು ತಿಳಿದು ಅಳೆದರೆ ತೀರ್ಪು ತಪ್ಪಾಗುತ್ತದೆ. ಅದು ಬೇರೆ ನಿಯಮಗಳ ಕೆಳಗೆ ದುಡಿಯುವ, ಸ್ವಂತ ಹಕ್ಕಿನ ಒಂದು ಯಂತ್ರ. ಹೊರಗಿನ ರೂಪ ಎಷ್ಟು ಹೋಲುತ್ತದೆ ಎಂದು ಕಣ್ಣು ನೋಡಲಿ. ಒಳಗಿನ ಕೆಲಸಕ್ಕೆ ಅಳತೆಗೋಲು ಬೇರೆಯೇ ಬೇಕು.

ಈಗ ಪರೀಕ್ಷೆಗೆ ಬರೋಣ. ಮೊದಲ ಪರೀಕ್ಷೆ ಬಾಯ್ಲರಿನದು, ಅದು ಬೆಂಕಿ ಹಚ್ಚುವ ಮೊದಲೇ ಮುಗಿಯಬೇಕು. ನಿಮ್ಮ ಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಅದರೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 1 ಬಾರ್ ಹೆಚ್ಚು. ಈ ಪುಟ್ಟ ಇಂಜಿನ್‌ಗಳು ಸಾಮಾನ್ಯವಾಗಿ ಓಡುವುದು ಅದರ ಮೂರು ಪಟ್ಟು ಒತ್ತಡದಲ್ಲಿ, 3 ಬಾರ್‌ನ ಆಸುಪಾಸಿನಲ್ಲಿ. ಆ ಒತ್ತಡದಲ್ಲಿ ಉಗಿಯ ಬಿಸಿ 144 ಡಿಗ್ರಿ.

ಬಾಯ್ಲರನ್ನು ಪರೀಕ್ಷಿಸದೆ ಒಲೆ ಹೂಡಬಾರದು ಎಂಬ ಎಚ್ಚರ ಜರ್ಮನಿಗೆ ಸಾವಿನಿಂದ ಬಂದದ್ದು. 1865ರ ಜನವರಿಯಲ್ಲಿ ಮಾನ್‌ಹೈಮ್ ನಗರದ ಒಂದು ಬಿಯರ್ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಒಬ್ಬರು ತೀರಿಕೊಂಡರು. ಮರುವರ್ಷ, 1866ರಲ್ಲಿ, ಆ ಭಾಗದ ಕಾರ್ಖಾನೆ ಮಾಲೀಕರು ತಾವೇ ಸೇರಿ ಬಾಯ್ಲರ್‌ಗಳ ತಪಾಸಣೆಗೆಂದು ಒಂದು ಸಂಘ ಕಟ್ಟಿದರು. ಅಂಥ ಸಂಘಗಳಿಂದಲೇ ಮುಂದೆ 'ಟ್ಯೂಫ್' ಎಂಬ ತಪಾಸಣಾ ವ್ಯವಸ್ಥೆ ಬೆಳೆಯಿತು. ಇವತ್ತು ಜರ್ಮನಿಯಲ್ಲಿ ಕಾರಿನಿಂದ ಲಿಫ್ಟಿನವರೆಗೆ ಅದರ ಮುದ್ರೆ ಕಾಣುತ್ತದೆ. ಯುರೋಪಿನ ಈಗಿನ ಒತ್ತಡ ಸಾಧನಗಳ ನಿಯಮದಲ್ಲಿ, ಉಗಿ ಮಾಡುವ ಪಾತ್ರೆ 2 ಲೀಟರಿಗಿಂತ ದೊಡ್ಡದಾದರೆ ಕಟ್ಟುನಿಟ್ಟಿನ ಕಟ್ಟಳೆಗಳು ಶುರುವಾಗುತ್ತವೆ. ನಮ್ಮ ಪುಟ್ಟ ಇಂಜಿನ್ನಿನಲ್ಲಿ ಇರುವುದು ಕೆಲವು ನೂರು ಮಿಲಿಲೀಟರ್ ನೀರು. ಕಾನೂನು ಸಡಿಲವಿರುವ ಕಡೆ ನಮ್ಮ ಎಚ್ಚರ ಸಡಿಲವಾಗಬಾರದು.

ಪರೀಕ್ಷೆಯ ಕ್ರಮ ಸರಳ. ಸುರಕ್ಷಾ ವಾಲ್ವನ್ನು ಬಿಚ್ಚಿ ಆ ರಂಧ್ರವನ್ನು ಮುಚ್ಚಬೇಕು. ಬಾಯ್ಲರಿಗೆ ಗಾಳಿಯ ಒಂದು ಗುಳ್ಳೆಯೂ ಉಳಿಯದ ಹಾಗೆ ತಣ್ಣೀರು ತುಂಬಬೇಕು. ಕೈಪಂಪಿನಿಂದ ಒತ್ತಡವನ್ನು ನಿಧಾನವಾಗಿ ಓಡುವ ಒತ್ತಡದ ಎರಡರಷ್ಟಕ್ಕೆ, ಅಂದರೆ 6 ಬಾರ್‌ಗೆ ಏರಿಸಿ, ಮುಳ್ಳು ಇಳಿಯುತ್ತದೆಯೇ, ಬೆಸುಗೆಗಳಲ್ಲಿ ನೀರು ಜಿನುಗುತ್ತದೆಯೇ ಎಂದು ಕಾದು ನೋಡಬೇಕು. ಗಾಳಿಯಿಂದ ಈ ಪರೀಕ್ಷೆಯನ್ನು ಎಂದೂ ಮಾಡಬಾರದು. ಅದುಮಿದ ಗಾಳಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಬಾಯ್ಲರ್ ಬಿರಿದರೆ ಸ್ಫೋಟವಾಗುತ್ತದೆ. ನೀರು ಅದುಮಿದರೂ ಕುಗ್ಗುವುದಿಲ್ಲವೆನ್ನಬಹುದು, ಹಾಗಾಗಿ ಬಾಯ್ಲರ್ ಬಿರಿದರೂ ಒಂದಿಷ್ಟು ನೀರು ಚೆಲ್ಲಿ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯ ಪರೀಕ್ಷೆಯಲ್ಲಿ ಗಾಳಿ ಬೇಕು, ಆದರೆ ಸಿಲಿಂಡರ್‌ಗಳಿಗೆ ಮಾತ್ರ, ಅದೂ ಕಡಿಮೆ ಒತ್ತಡದಲ್ಲಿ. ಇಂಜಿನ್ನನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗಾಳಿಯಿಂದ ಗಾಲಿ ತಿರುಗಿಸಿ, ಕಿವಿಗೊಟ್ಟು ಕೇಳಬೇಕು. ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕು ಉಸಿರು ಕೇಳಿಸುತ್ತವೆ. ನಾಲ್ಕೂ ಒಂದೇ ಸಮ ಇದ್ದರೆ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುತ್ತಿವೆ ಎಂದರ್ಥ. ಒಂದು ಉಸಿರು ಜೋರಾಗಿ, ಇನ್ನೊಂದು ಕುಂಟಿದರೆ ಆ ಬದಿಯ ವಾಲ್ವು ತನ್ನ ಜಾಗದಿಂದ ಸರಿದಿದೆ. ಈ ವಾಲ್ವುಗಳನ್ನು ಆಡಿಸುವ ಸನ್ನೆಕೋಲುಗಳ ಜೋಡಣೆಯನ್ನು ಜಗತ್ತಿನ ಬಹುಭಾಗ ಬೆಲ್ಜಿಯಂನ ವಾಲ್‌ಶಾರ್ಟ್ಸ್ ಹೆಸರಿನಿಂದ ಕರೆಯುತ್ತದೆ. ಅವರ ನಂತರ ಕೆಲವೇ ವರ್ಷಗಳಲ್ಲಿ, 1849ರಲ್ಲಿ, ಜರ್ಮನಿಯ ಎಡ್ಮಂಡ್ ಹಾಯ್ಸಿಂಗರ್ ಕೂಡ ಸ್ವತಂತ್ರವಾಗಿ ಅದನ್ನು ಕಂಡುಕೊಂಡರು. ಅಲ್ಲಿ ಇಂದಿಗೂ ಅದು ಹಾಯ್ಸಿಂಗರ್ ಜೋಡಣೆ.

ಮೂರನೆಯದು ಬೆಂಕಿಯ ಪರೀಕ್ಷೆ. ಇದಕ್ಕೆ ಬೇಕಾದದ್ದು ಒಂದು ಅಳತೆಯ ಲೋಟ, ಒಂದು ಗಡಿಯಾರ, ಒಂದು ನೋಟ್‌ಬುಕ್. ಎಷ್ಟು ಸ್ಪಿರಿಟ್ ಹಾಕಿದೆವು, ಎಷ್ಟು ನೀರು ತುಂಬಿದೆವು, ಒತ್ತಡ ಏರಲು ಎಷ್ಟು ಹೊತ್ತಾಯಿತು, ಎಷ್ಟು ದೂರ ಓಡಿತು, ಕೊನೆಗೆ ಎಷ್ಟು ನೀರು ಉಳಿಯಿತು, ಇಷ್ಟನ್ನೂ ಬರೆದಿಡಬೇಕು. ಆಮೇಲೆ ಲೆಕ್ಕ ಹಾಕಬೇಕು. 100 ಮಿಲಿಲೀಟರ್ ತಣ್ಣೀರನ್ನು 3 ಬಾರ್ ಒತ್ತಡದ ಉಗಿಯನ್ನಾಗಿ ಮಾಡಲು ಸುಮಾರು 265 ಕಿಲೋಜೂಲ್ ಶಾಖ ಬೇಕು. ಒಂದು ಮಿಲಿಲೀಟರ್ ಸ್ಪಿರಿಟ್ ಉರಿದರೆ ಸುಮಾರು 21 ಕಿಲೋಜೂಲ್ ಸಿಗುತ್ತದೆ. ಒಂದಿಷ್ಟೂ ನಷ್ಟವಾಗದಿದ್ದರೆ ಹದಿಮೂರು ಮಿಲಿಲೀಟರಿಗಿಂತ ಕಡಿಮೆ ಸ್ಪಿರಿಟ್ಟಿನಲ್ಲಿ ಕೆಲಸ ಮುಗಿಯಬೇಕು. ಒಂದು ಇಂಜಿನ್ನಿಗೆ 30 ಮಿಲಿಲೀಟರ್ ಬೇಕಾಯಿತು ಎಂದುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಶಾಖ ಚಿಮಣಿಯಿಂದಲೂ ಬಾಯ್ಲರಿನ ಮೈಯಿಂದಲೂ ಹೋಯಿತು ಎಂದು ಗೊತ್ತಾಯಿತು.

ಉಗಿಯ ಲೆಕ್ಕವೂ ಹೀಗೆಯೇ. ಸಿಲಿಂಡರಿನ ಒಳ ಅಗಲ 12 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 20 ಮಿಲಿಮೀಟರ್ ಇರಲಿ. ಗಾಲಿಯ ಒಂದು ಸುತ್ತಿಗೆ ನಾಲ್ಕು ಸಲ ತುಂಬುವ ಉಗಿ ಒಟ್ಟು 9 ಘನ ಸೆಂಟಿಮೀಟರ್. ಒಂದು ಗ್ರಾಂ ನೀರು ಆ ಒತ್ತಡದಲ್ಲಿ ಸುಮಾರು 460 ಘನ ಸೆಂಟಿಮೀಟರ್ ಉಗಿಯಾಗುತ್ತದೆ. ಅಂದರೆ ಒಂದು ಗ್ರಾಂ ನೀರಿಗೆ 51 ಸುತ್ತು. ಗಾಲಿಯ ವ್ಯಾಸ 35 ಮಿಲಿಮೀಟರ್ ಆದರೆ, ಪೂರ್ಣ ಒತ್ತಡದ ಉಗಿಯಲ್ಲೇ ಓಡಿದರೂ 100 ಗ್ರಾಂ ನೀರಿನಲ್ಲಿ ಸುಮಾರು 560 ಮೀಟರ್ ಹೋಗಬೇಕು. ಹಳಿಯ ಮೇಲೆ ಅದರ ಅರ್ಧವೂ ಬರಲಿಲ್ಲವೆಂದರೆ ಉಳಿದ ಉಗಿ ಎಲ್ಲೋ ಸೋರಿದೆ, ಇಲ್ಲವೆ ಸಿಲಿಂಡರಿನಲ್ಲಿ ನೀರಾಗಿದೆ. ಎಲ್ಲಿ ಹುಡುಕಬೇಕೆಂದು ಈ ಲೆಕ್ಕವೇ ದಾರಿ ತೋರಿಸುತ್ತದೆ.

ಇಷ್ಟು ಸಣ್ಣ ಯಂತ್ರಕ್ಕೆ ಇಷ್ಟೆಲ್ಲ ಲೆಕ್ಕವೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ದೊಡ್ಡ ಇಂಜಿನ್ನಿನ ಒಂದು ಪ್ರಸಂಗ ಇದಕ್ಕೆ ಉತ್ತರ ಕೊಡುತ್ತದೆ. 1925-26ರ ಸುಮಾರಿಗೆ ಜರ್ಮನ್ ರೈಲ್ವೆ ತನ್ನ ಹೊಸ ಎಕ್ಸ್‌ಪ್ರೆಸ್ ಇಂಜಿನ್ ಹೇಗಿರಬೇಕೆಂದು ತೀರ್ಮಾನಿಸಬೇಕಿತ್ತು. ಎರಡು ಬಗೆಯ ವಿನ್ಯಾಸಗಳಿದ್ದವು. 01 ಮಾದರಿಗೆ ಎರಡೇ ಸಿಲಿಂಡರ್, ಉಗಿಯನ್ನು ಒಂದು ಸಲ ದುಡಿಸಿ ಹೊರಬಿಡುತ್ತಿತ್ತು. 02 ಮಾದರಿಗೆ ನಾಲ್ಕು ಸಿಲಿಂಡರ್, ಅದೇ ಉಗಿಯನ್ನು ಎರಡು ಸಲ ದುಡಿಸುತ್ತಿತ್ತು. ಕಾಗದದ ಮೇಲೆ 02 ಜಾಣ ಇಂಜಿನ್. ರೈಲ್ವೆಯವರು ವಾದಕ್ಕೆ ಕೂರಲಿಲ್ಲ. ಎರಡನ್ನೂ ಹತ್ತು ಹತ್ತರಂತೆ ಕಟ್ಟಿಸಿ, ಓಡಿಸಿ, ಅಳೆದರು. ಬರ್ಲಿನ್ನಿನ ಗ್ರೂನೆವಾಲ್ಡ್‌ನಲ್ಲಿದ್ದ ಪರೀಕ್ಷಾ ಕಚೇರಿ ಇಂಜಿನ್ನಿನ ಹಿಂದೆ ಅಳತೆಯ ಬೋಗಿ ಕಟ್ಟಿ ಕಲ್ಲಿದ್ದಲು, ನೀರು, ಎಳೆತ ಎಲ್ಲವನ್ನೂ ದಾಖಲಿಸುತ್ತಿತ್ತು. ದಿನನಿತ್ಯದ ಓಡಾಟದಲ್ಲಿ ನಾಲ್ಕು ಸಿಲಿಂಡರಿನ ಉಳಿತಾಯ ಅದರ ದುರಸ್ತಿಯ ಹೊರೆಯನ್ನು ತೂಗಲಿಲ್ಲ. 01 ಗೆದ್ದಿತು. 1937ರಿಂದ 1942ರೊಳಗೆ ಆ ಹತ್ತೂ 02 ಇಂಜಿನ್‌ಗಳನ್ನು 01 ಆಗಿ ಮಾರ್ಪಡಿಸಿದರು. ಅಳತೆ ಮೊದಲು ಬಂತು, ತಿದ್ದುಪಡಿ ಅದರ ಹಿಂದೆ ಬಂತು. ಮೇಜಿನ ಮೇಲಿನ ಇಂಜಿನ್ನಿಗೂ ಇದೇ ಕ್ರಮ ಸಲ್ಲಬೇಕು.

ಈಗ ತಿದ್ದುಪಡಿ. ಪುಟ್ಟ ಇಂಜಿನ್ನಿನ ದೊಡ್ಡ ಶತ್ರು ಬಿಸಿಯ ನಷ್ಟ ಎಂದು ಕಂಡೆವು. ಹಾಗಾದರೆ ಮೊದಲ ಮದ್ದು ಹೊದಿಕೆ. ಬಾಯ್ಲರಿಗೂ ಹೊರಗಿನ ತಗಡಿಗೂ ನಡುವೆ ಶಾಖ ತಡೆಯುವ ಸೆರಾಮಿಕ್ ಕಾಗದದ ಒಂದು ಪದರ ಸುತ್ತಿದರೆ ಸಾಕು, ಖರ್ಚಿಲ್ಲದೆ ಫಲ ಸಿಗುತ್ತದೆ. ಹಳೆಯ ಇಂಜಿನ್ನಿನಲ್ಲಿ ಮೊದಲೇ ಬಿಳಿಯ ನಾರಿನ ಹೊದಿಕೆ ಇದ್ದರೆ ಮುಟ್ಟುವ ಮೊದಲು ಯೋಚಿಸಬೇಕು. ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಜರ್ಮನಿ 1993ರಲ್ಲೇ ಅದನ್ನು ನಿಷೇಧಿಸಿದೆ.

ಎರಡನೆಯದು ಬೆಂಕಿ. ಸ್ಪಿರಿಟ್ ದೀಪದ ಬತ್ತಿಯನ್ನು ಬಿಗಿಯಾಗಿ ತುರುಕಿದರೆ ಸ್ಪಿರಿಟ್ ಮೇಲೇರುವುದಿಲ್ಲ, ಸಡಿಲ ಬಿಟ್ಟರೆ ಅಗತ್ಯಕ್ಕಿಂತ ಹೆಚ್ಚು ಉರಿಯುತ್ತದೆ. ಜ್ವಾಲೆ ನೀಲಿಯಾಗಿದ್ದರೆ ಒಳ್ಳೆಯದು, ಹಳದಿಗೆ ತಿರುಗಿದರೆ ಗಾಳಿ ಸಾಲುತ್ತಿಲ್ಲ. ಬಿಸಿಲಿನಲ್ಲಿ ಈ ಜ್ವಾಲೆ ಕಣ್ಣಿಗೇ ಕಾಣುವುದಿಲ್ಲ ಎಂಬುದನ್ನು ಮಕ್ಕಳಿರುವ ಕಡೆ ಮರೆಯಬಾರದು. ಕೆಲವು ಇಂಜಿನ್‌ಗಳು ಬ್ಯುಟೇನ್ ಗ್ಯಾಸಿನಲ್ಲಿ ಓಡುತ್ತವೆ. ಬ್ಯುಟೇನ್ ಕುದಿಯುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಆದ್ದರಿಂದ ಜರ್ಮನಿಯ ಚಳಿಗಾಲದಲ್ಲಿ ಗ್ಯಾಸ್ ಟ್ಯಾಂಕು ತಣ್ಣಗಾಗಿ ಉರಿ ಸೊರಗುತ್ತದೆ. ಟ್ಯಾಂಕಿನ ಸುತ್ತ ಉಗುರುಬೆಚ್ಚಗಿನ ನೀರು ನಿಲ್ಲುವಂತೆ ಮಾಡುವುದು ಅಲ್ಲಿನವರ ರೂಢಿ.

ಮೂರನೆಯದು ಉಗಿಯನ್ನು ಒಣಗಿಸುವುದು. ಈ ಮದ್ದು ಕೂಡ ಜರ್ಮನಿಯದೇ. ಕಾಸೆಲ್ ನಗರದಲ್ಲಿದ್ದ ವಿಲ್ಹೆಲ್ಮ್ ಷ್ಮಿಟ್ ಬಾಯ್ಲರಿನಿಂದ ಹೊರಟ ಉಗಿಯನ್ನು ಮತ್ತೊಮ್ಮೆ ಬೆಂಕಿಯ ದಾರಿಯಲ್ಲಿ ಹಾಯಿಸಿ, 300 ಡಿಗ್ರಿಗೂ ಮೇಲೆ ಕಾಯಿಸಿ ಸಿಲಿಂಡರಿಗೆ ಬಿಟ್ಟರು. 1898ರಲ್ಲಿ ಆಗಿನ ಜರ್ಮನಿಯ ಪ್ರಷ್ಯ ರಾಜ್ಯದ ರೈಲ್ವೆ ಇಂಥ ಮೊದಲ ಇಂಜಿನ್‌ಗಳನ್ನು ಓಡಿಸಿತು. 1906ರಿಂದ ಕಟ್ಟಿದ ಪಿ-8 ಮಾದರಿ ಈ ವಿದ್ಯೆಯ ಬಲದಿಂದ ಮೂರು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಯುರೋಪನ್ನು ತುಂಬಿತು. ಅಷ್ಟು ಕಾದ ಉಗಿ ಸಿಲಿಂಡರಿನ ಗೋಡೆಗೆ ತಾಗಿ ಒಂದಿಷ್ಟು ತಣಿದರೂ ನೀರಾಗುವುದಿಲ್ಲ. ಪುಟ್ಟ ಇಂಜಿನ್ನಿನಲ್ಲಿ ಉಗಿಯ ಕೊಳವೆಯನ್ನು ಜ್ವಾಲೆಯ ಮೂಲಕ ಹಾಯಿಸಿದರೆ ಇದೇ ಲಾಭ. ಕೊಳವೆ ಸ್ಟೇನ್‌ಲೆಸ್ ಸ್ಟೀಲಿನದಾದರೆ ಬಾಳುತ್ತದೆ. ಆದರೆ ಒಂದು ತಿದ್ದುಪಡಿ ಇನ್ನೊಂದನ್ನು ಕರೆತರುತ್ತದೆ: ಕಾದ ಉಗಿ ಎಣ್ಣೆಯನ್ನು ಬೇಗ ತಿನ್ನುತ್ತದೆ, ಸಾಮಾನ್ಯ ರಬ್ಬರ್ ಉಂಗುರಗಳನ್ನು ಗಟ್ಟಿಮಾಡಿ ಬಿರಿಸುತ್ತದೆ. ಷ್ಮಿಟ್ ಅವರ ವಿದ್ಯೆ ನೆಲೆಯೂರಲು ಕೂಡ ಹೊಸ ಬಗೆಯ ವಾಲ್ವು, ಹೊಸ ಬಗೆಯ ಎಣ್ಣೆ ಬೇಕಾಯಿತು.

ಎಣ್ಣೆಯ ಮಾತು ಬಂತು. ಈ ಇಂಜಿನ್‌ಗಳಲ್ಲಿ ಉಗಿಯ ದಾರಿಯಲ್ಲಿ ಒಂದು ಪುಟ್ಟ ಎಣ್ಣೆ ಡಬ್ಬಿ ಇರುತ್ತದೆ. ಸೂಜಿಯಷ್ಟು ಸಣ್ಣ ರಂಧ್ರದಿಂದ ಉಗಿ ಅದರೊಳಗೆ ಹೋಗಿ ನೀರಾಗಿ ತಳಕ್ಕಿಳಿಯುತ್ತದೆ, ಅಷ್ಟೇ ಎಣ್ಣೆ ಮೇಲಕ್ಕೆದ್ದು ಉಗಿಯ ಜೊತೆ ಸಿಲಿಂಡರಿಗೆ ಹೋಗುತ್ತದೆ. ಆಡುವ ಭಾಗ ಒಂದೂ ಇಲ್ಲದ, ಎಷ್ಟು ಸುಂದರವಾದ ಉಪಾಯ! ಓಟ ಮುಗಿದ ಮೇಲೆ ಡಬ್ಬಿಯಲ್ಲಿ ಎಣ್ಣೆಯೆಲ್ಲ ಹಾಗೇ ಉಳಿದಿದ್ದರೆ ರಂಧ್ರ ಕಟ್ಟಿದೆ. ಡಬ್ಬಿ ಪೂರ್ತಿ ನೀರಾಗಿದ್ದರೆ ರಂಧ್ರ ದೊಡ್ಡದಾಗಿದೆ.

ಇವನ್ನೆಲ್ಲ ಒಟ್ಟಿಗೆ ಮಾಡಬಾರದು. ಒಂದು ಸಲಕ್ಕೆ ಒಂದೇ ತಿದ್ದುಪಡಿ, ಪ್ರತಿಯೊಂದರ ಮುಂದೆ ಹಿಂದೆ ಅದೇ ಅಳತೆ. ಹೊದಿಕೆಯನ್ನೂ ಬತ್ತಿಯನ್ನೂ ಒಂದೇ ದಿನ ಬದಲಿಸಿದರೆ ಓಟ ಉತ್ತಮವಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಓಟ ಕೆಟ್ಟರಂತೂ ಗೊಂದಲ ಇಮ್ಮಡಿ. ಬಿಚ್ಚಿದ ಮೂಲ ಭಾಗಗಳನ್ನು ಚೀಟಿ ಹಚ್ಚಿ ತೆಗೆದಿಡಬೇಕು. ಪರೀಕ್ಷೆಯ ವೇಗದ ಬಗ್ಗೆಯೂ ಒಂದು ಮಾತು. ಗಂಟೆಗೆ 100 ಕಿಲೋಮೀಟರಿನ ಎಕ್ಸ್‌ಪ್ರೆಸ್ಸು ಈ ಅಳತೆಯಲ್ಲಿ ಗಂಟೆಗೆ 3 ಕಿಲೋಮೀಟರ್ ಮಾತ್ರ, ನಾವು ನಿಧಾನವಾಗಿ ನಡೆಯುವಷ್ಟು. ಬಾಣದ ಹಾಗೆ ಓಡಿದ ಇಂಜಿನ್ನನ್ನು ಕಂಡು ಮೆಚ್ಚಬಾರದು. ಭಾರ ಎಳೆದುಕೊಂಡು, ನಡಿಗೆಯ ವೇಗದಲ್ಲಿ, ನಾಲ್ಕು ಉಸಿರೂ ಎಣಿಸುವಂತೆ ಹೋಗುವುದೇ ಒಳ್ಳೆಯ ಇಂಜಿನ್.

ತಿದ್ದಬಾರದ ಸಂಗತಿಗಳೂ ಇವೆ. ಸುರಕ್ಷಾ ವಾಲ್ವಿನ ಸ್ಪ್ರಿಂಗನ್ನು ಹೆಚ್ಚು ಒತ್ತಡಕ್ಕಾಗಿ ಬಿಗಿಯಬಾರದು. ಪ್ರಮಾಣಪತ್ರವಿರುವ ಬಾಯ್ಲರಿಗೆ ಹೊಸ ರಂಧ್ರ ಕೊರೆಯಬಾರದು. ನೂರು ವರ್ಷ ಹಳೆಯ ನ್ಯೂರೆಂಬರ್ಗ್ ಆಟಿಕೆ ಕೈಗೆ ಬಂದರೆ ಅದನ್ನು ಓಡಿಸುವ ಆಸೆಯನ್ನೇ ಬಿಡಬೇಕು. ಅವುಗಳಲ್ಲಿ ಸೀಸ-ತವರದ ಮೆದು ಬೆಸುಗೆ ಇರುತ್ತದೆ, ಅದು ಕರಗಲು 183 ಡಿಗ್ರಿ ಸಾಕು. ನೀರು ಬತ್ತಿದ ಮೇಲೆ ಒಂದು ಕ್ಷಣ ಉರಿದರೂ ಬಾಯ್ಲರ್ ಕಳಚಿ ಬೀಳುತ್ತದೆ. ಇಂದಿನ ಬಾಯ್ಲರ್‌ಗಳಲ್ಲಿ ಬೆಳ್ಳಿಯ ಬೆಸುಗೆ ಇರುತ್ತದೆ, ಅದಕ್ಕೆ 600 ಡಿಗ್ರಿಗೂ ಹೆಚ್ಚು ಬೇಕು. ಹಳೆಯದು ಹಳೆಯದಾಗಿಯೇ ಉಳಿಯಲಿ, ಅದನ್ನು ಮಾಡಿದ ಕೈಗೆ ನಾವು ಕೊಡಬಹುದಾದ ಗೌರವ ಅದೇ.

ಇದೆಲ್ಲ ದೂರದ ದೇಶದ ಹವ್ಯಾಸ ಎಂದುಕೊಳ್ಳಬೇಡಿ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಇಂಜಿನ್‌ಗಳದ್ದೇ ಒಂದು ಸಭಾಂಗಣವಿದೆ. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯದಲ್ಲಿ ಉಗಿ ಇಂಜಿನ್ನನ್ನು ಕೈಯಿಂದ ಮುಟ್ಟಿ ನೋಡಬಹುದು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಮೇಷ್ಟ್ರುಗಳು ಹೆಸರು, ವರ್ಷ ತೋರಿಸಿ ಮುಂದೆ ಹೋಗದೆ, ಸಿಲಿಂಡರ್ ಯಾವುದು, ವಾಲ್ವಿನ ಕೋಲು ಯಾವುದು, ಉಗಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ತೋರಿಸಲಿ. ನಮ್ಮ ಐಟಿಐಗಳಲ್ಲಿ, ಪಾಲಿಟೆಕ್ನಿಕ್‌ಗಳಲ್ಲಿ ಲೇತ್ ಇದೆ, ಬೆಸುಗೆ ಬಲ್ಲ ಕೈಗಳಿವೆ. ಒಂದು ಪುಟ್ಟ ಉಗಿ ಇಂಜಿನ್ ಕಟ್ಟಿ, ಬಲ್ಲವರ ಎದುರು ಅದರ ಬಾಯ್ಲರನ್ನು ನೀರಿನ ಒತ್ತಡದಲ್ಲಿ ಪರೀಕ್ಷಿಸಿ, ಸ್ಪಿರಿಟ್ ಮತ್ತು ನೀರಿನ ಲೆಕ್ಕ ಬರೆದ ವಿದ್ಯಾರ್ಥಿಗೆ ಶಾಖ, ಒತ್ತಡ, ದಕ್ಷತೆ ಎಂಬ ಪದಗಳು ಮತ್ತೆಂದೂ ಬರಿಯ ಪದಗಳಾಗಿ ಉಳಿಯುವುದಿಲ್ಲ.

ಯಾವುದೇ ಯಂತ್ರದಲ್ಲಿ ಕುಂದು ಕಂಡಾಗ ಕೂಡಲೇ ಸ್ಕ್ರೂಡ್ರೈವರಿಗೆ ಕೈ ಹಾಕುವ ಅವಸರ ಎಲ್ಲರಿಗೂ ಇರುತ್ತದೆ. ಅದಕ್ಕಿಂತ ಮೊದಲು ಅಳತೆಯ ಲೋಟವನ್ನೂ ನೋಟ್‌ಬುಕ್ಕನ್ನೂ ಎತ್ತಿಕೊಳ್ಳುವುದನ್ನು ನಮ್ಮ ಮಕ್ಕಳಿಗೆ ರೂಢಿ ಮಾಡಿಸೋಣ. ಒಂದಡಿಯ ಇಂಜಿನ್ನಿನ ಮೇಲೆ ಆ ಶಿಸ್ತನ್ನು ಕಲಿತವರು ನಾಳೆ ಊರಿನ ನೀರಿನ ಪಂಪನ್ನೋ, ಕಾರ್ಖಾನೆಯ ಬಾಯ್ಲರನ್ನೋ, ರೈಲ್ವೆಯ ಇಂಜಿನ್ನನ್ನೋ ಅದೇ ಶಿಸ್ತಿನಿಂದ ನೋಡಿಕೊಳ್ಳುತ್ತಾರೆ.